ಅಂತರಜಾಲದ ವೇಗ ಮತ್ತು ನಿಮ್ಮ ಗಣಕಯಂತ್ರ



ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಇಂದೇ ಕೊನೆಯ ದಿನ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ನಿಮ್ಮಲ್ಲಿ ಹಲವರಿಗೆ ಈ ಅನುಭವ ಆಗಿರಬಹುದು. ಆಗ ಯಾರಾದರೊಬ್ಬರು, "ಸೆಟ್ಟಿಂಗ್ ಬದಲಿಸು, ವೇಗ ಇಮ್ಮಡಿಯಾಗುತ್ತದೆ" ಎನ್ನುತ್ತಾರೆ. ಈ ಮಾತಿನಲ್ಲಿ ಎಷ್ಟು ನಿಜವಿದೆ?

ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ಕೊಳವೆಗಳಲ್ಲಿ ಬರುತ್ತದೆ. ಮನೆಯ ನಳದಲ್ಲಿ ಕಸ ಕಟ್ಟಿದ್ದರೆ ನಾವು ತೆಗೆಯಬಹುದು. ಆದರೆ ಬೀದಿಯ ಕೊಳವೆಯಲ್ಲಿ ಬಂದದ್ದಕ್ಕಿಂತ ಹೆಚ್ಚು ನೀರನ್ನು ನಳ ಕೊಡಲಾರದು. ಸೆಟ್ಟಿಂಗ್‌ಗಳ ಕೆಲಸವೂ ಇಷ್ಟೇ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅಂದಿನಿಂದ ಇಂದಿನವರೆಗೂ ಒಂದು ನಿಯಮ ಬದಲಾಗಿಲ್ಲ. ಕಳುಹಿಸುವ ಯಂತ್ರವು ಒಂದಿಷ್ಟು ಮಾಹಿತಿ ಕಳುಹಿಸಿ, "ತಲುಪಿತು" ಎಂಬ ಉತ್ತರಕ್ಕೆ ಕಾಯುತ್ತದೆ. ಒಂದು ಸಲಕ್ಕೆ 64 ಕಿಲೋಬೈಟ್ ಮಾತ್ರ, ಉತ್ತರ ಬರಲು ಸೆಕೆಂಡಿನ ಐದನೆಯ ಒಂದು ಭಾಗ ಎಂದಾದರೆ, ತಂತಿ ಎಷ್ಟೇ ಚೆನ್ನಾಗಿದ್ದರೂ ಸೆಕೆಂಡಿಗೆ 320 ಕಿಲೋಬೈಟ್ ದಾಟುವುದಿಲ್ಲ. ಆದ್ದರಿಂದ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಈ ಪ್ರಮಾಣವನ್ನು ಕೈಯಾರೆ ಹೆಚ್ಚಿಸುವುದರಲ್ಲಿ ಅರ್ಥವಿತ್ತು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ಗಣಕಯಂತ್ರವೇ ಇದನ್ನು ಹೊಂದಿಸಿಕೊಳ್ಳುತ್ತದೆ. ಹಳೆಯ ಸಲಹೆಯನ್ನು ಇಂದು ಪಾಲಿಸಿದರೆ ವೇಗ ಕುಗ್ಗಲೂಬಹುದು.

ಹಾಗಾದರೆ ನೀವು ಏನು ಮಾಡಬೇಕು? ಮೊದಲು ಅಳೆಯಿರಿ. 40 ಮೆಗಾಬಿಟ್ ಎಂದರೆ 5 ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್ ಎಂಬುದನ್ನು ಮರೆಯಬೇಡಿ. ಹಿನ್ನೆಲೆಯಲ್ಲಿ ಯಾವುದಾದರೂ ಕಡತ ಇಳಿಯುತ್ತಿದೆಯೇ ನೋಡಿ. ಮೊಬೈಲಿನಿಂದ ಸಂಪರ್ಕ ಪಡೆದಿದ್ದರೆ ವಿಂಡೋಸ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಆಗ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ಅದನ್ನು ಆಫ್ ಮಾಡಿ, ಏಕೆಂದರೆ ಸುರಕ್ಷತೆಗೆ ಅಪ್‌ಡೇಟ್ ಬೇಕೇ ಬೇಕು. ವೈಫೈ ರೂಟರ್ ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ಆರಿಸಿ. ಗೋಡೆಗಳು ಅಡ್ಡವಿದ್ದರೆ 2.4 ಗಿಗಾಹರ್ಟ್ಸ್ ದೂರಕ್ಕೆ ತಲುಪುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಳೆಯದನ್ನು ಬರೆದಿಟ್ಟುಕೊಳ್ಳಿ, ಮತ್ತೆ ಅಳೆಯಿರಿ. ಪ್ರಯೋಗಾಲಯದಲ್ಲಿ ನೀವು ಕಲಿತ ಪದ್ಧತಿಯೇ ಇದು. "ವೇಗ ಹೆಚ್ಚಿಸುತ್ತೇವೆ" ಎನ್ನುವ ಅಪರಿಚಿತ ತಂತ್ರಾಂಶಗಳನ್ನು ಮಾತ್ರ ಹಾಕಿಕೊಳ್ಳಬೇಡಿ. ಅವು ನಿಮ್ಮ ಪಾಸ್‌ವರ್ಡ್ ಕದಿಯಬಹುದು.

ರೂಟರಿಗೆ ತಂತಿಯಿಂದ ನೇರವಾಗಿ ಜೋಡಿಸಿದಾಗಲೂ ವೇಗ ಬರದಿದ್ದರೆ ದೋಷ ಬಹುತೇಕ ನಿಮ್ಮ ಯಂತ್ರದ ಹೊರಗಿದೆ. ದಿನಾಂಕ, ವೇಳೆ, ವೇಗ ಬರೆದು ಸೇವೆ ಕೊಡುವವರಿಗೆ ದೂರು ಸಲ್ಲಿಸಿ. ಅಂಕಿಗಳುಳ್ಳ ದೂರನ್ನು ತಳ್ಳಿಹಾಕುವುದು ಸುಲಭವಲ್ಲ. ಅರ್ಜಿಯನ್ನಂತೂ ಕೊನೆಯ ದಿನದವರೆಗೆ ಉಳಿಸಿಕೊಳ್ಳಬೇಡಿ.