ನಾಲ್ಕು ಮದ್ದು, ಒಂದೇ ಹೋಲಿಕೆ

ಬಿ.ದುರ್ಗದ ಕಡೆಯ ರೈತರೊಬ್ಬರಿಗೆ ಮೆಕ್ಕೆಜೋಳದ ನಾಲ್ಕು ಹೊಸ ತಳಿ ಸಿಕ್ಕಿವೆ ಎನ್ನಿ. ವರ್ಷಕ್ಕೊಂದರಂತೆ ಬಿತ್ತಿ ನೋಡಿದರೆ, ಒಂದು ವರ್ಷ ಮಳೆ ಹುಯ್ದೀತು, ಇನ್ನೊಂದು ವರ್ಷ ಕೈಕೊಟ್ಟೀತು. ಬಂದ ಇಳುವರಿ ತಳಿಯದೋ ಮಳೆಯದೋ? ಅದಕ್ಕೇ ಒಂದೇ ಮುಂಗಾರಿನಲ್ಲಿ ನಾಲ್ಕನ್ನೂ, ಜೊತೆಗೆ ಹಳೆಯ ತಳಿಯನ್ನೂ ಅಕ್ಕಪಕ್ಕದ ತಾಕುಗಳಲ್ಲಿ ಬಿತ್ತಬೇಕು. ಯಾವ ತಾಕಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವ ಕ್ರಮಕ್ಕೆ 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಶಾಸ್ತ್ರೀಯ ರೂಪ ಕೊಟ್ಟವರು ರೊನಾಲ್ಡ್ ಫಿಶರ್. ಹೊಲದ ಈ ವಿದ್ಯೆ ಮುಂದೆ ಆಸ್ಪತ್ರೆಗೂ ಬಂತು.

2020ರಲ್ಲಿ ಕೊರೋನಾ ಬಂದಾಗ ವಿಶ್ವ ಆರೋಗ್ಯ ಸಂಸ್ಥೆ ‘ಸಾಲಿಡಾರಿಟಿ’ ಎಂಬ ಪರೀಕ್ಷೆ ಹೂಡಿತು. ಭಾರತವೂ ಸೇರಿತು. ರೆಮ್‌ಡೆಸಿವಿರ್, ಹೈಡ್ರಾಕ್ಸಿಕ್ಲೋರೋಕ್ವಿನ್, ಲೋಪಿನಾವಿರ್, ಇಂಟರ್‌ಫೆರಾನ್, ಹೀಗೆ ನಾಲ್ಕು ಮದ್ದು. ಬೇರೆ ಬೇರೆ ಪರೀಕ್ಷೆ ಮಾಡಿದ್ದರೆ ಪ್ರತಿ ಮದ್ದಿಗೂ ಒಂದು ಹೋಲಿಕೆಯ ಗುಂಪು ಬೇಕು. ಗುಂಪಿಗೆ ನೂರು ಜನರೆಂದರೆ ಒಟ್ಟು 800. ನಾಲ್ಕಕ್ಕೂ ಒಂದೇ ಹೋಲಿಕೆಯ ಗುಂಪಾದರೆ 500 ಸಾಕು. ಉಳಿಯುವ ಆ 300 ಲೆಕ್ಕದ ಅಂಕಿಯಷ್ಟೇ ಅಲ್ಲ, ಉಸಿರಿಗೆ ಪರದಾಡುವ ಮನುಷ್ಯರು.

ಇನ್ನೂ ಒಂದು ಅನುಕೂಲವಿದೆ. ಫಲ ಕೊಡದ ಮದ್ದನ್ನು ಕೊನೆಯವರೆಗೂ ಎಳೆಯಬೇಕಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ 947 ಜನರಲ್ಲಿ 104 ಮಂದಿ ತೀರಿಕೊಂಡರು. ಅದಕ್ಕೆ ಹೋಲಿಸಿದ 906 ಜನರಲ್ಲಿ 84. ಆ ಮದ್ದನ್ನು ಜೂನ್‌ನಲ್ಲೇ ಕೈಬಿಟ್ಟರು, ಲೋಪಿನಾವಿರ್ ಅನ್ನು ಜುಲೈನಲ್ಲಿ. ಉಳಿದವುಗಳ ಪರೀಕ್ಷೆ ಮುಂದುವರಿಯಿತು.

ನಡುವೆ ಬದಲಿಸುವುದೆಂದರೆ ಮನಸ್ಸಿಗೆ ಬಂದಂತೆ ಬದಲಿಸುವುದಲ್ಲ. ಪದೇ ಪದೇ ಇಣುಕಿ ನೋಡುತ್ತಿದ್ದರೆ ಒಂದಲ್ಲ ಒಂದು ಸಲ ಅದೃಷ್ಟವೇ ಮದ್ದಿನ ಗುಣದಂತೆ ಕಂಡೀತು. ಆದ್ದರಿಂದ ಯಾವಾಗ ನೋಡಬೇಕು, ಎಷ್ಟು ವ್ಯತ್ಯಾಸ ಕಂಡರೆ ನಿಲ್ಲಿಸಬೇಕು ಎಂಬುದನ್ನು ಮೊದಲೇ ಬರೆದಿಡಬೇಕು. ಅಂಕಿಅಂಶ ನೋಡುವವರು ಹೊರಗಿನ ಸ್ವತಂತ್ರ ಸಮಿತಿಯವರು, ಮದ್ದು ಕೊಡುವ ವೈದ್ಯರಲ್ಲ. ಹೊಸ ಮದ್ದು ನಡುವೆ ಸೇರಿದರೆ, ಅದನ್ನು ಅದೇ ಅವಧಿಯಲ್ಲಿ ಸೇರಿದವರೊಂದಿಗೇ ಹೋಲಿಸಬೇಕು. ಹೋದ ವರ್ಷದ ಬೆಳೆಯ ಪಕ್ಕ ಈ ವರ್ಷದ ಬೆಳೆಯನ್ನಿಟ್ಟು ತೂಗಲಾದೀತೇ?

ಬ್ರಿಟನ್ನಿನ ‘ರಿಕವರಿ’ ಪರೀಕ್ಷೆಯೂ ಇದೇ ಬಗೆಯದು. ಅಲ್ಲಿ ಗೆದ್ದದ್ದು ಡೆಕ್ಸಾಮೆಥಾಸೋನ್, ಹಳೆಯ, ಅಗ್ಗದ ಮದ್ದು. ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೇ ಒಂದು ಭಾಗ ಇಳಿಯಿತು. ಆಮ್ಲಜನಕವೇ ಬೇಕಾಗದಿದ್ದವರಿಗೆ ಅದರಿಂದ ಲಾಭ ಕಾಣಲಿಲ್ಲ. ಆ ಫಲಿತಾಂಶ ಹೊರಬಿದ್ದದ್ದು 2020ರ ಜೂನ್‌ನಲ್ಲಿ, ಪರೀಕ್ಷೆ ಶುರುವಾಗಿ ಮೂರೇ ತಿಂಗಳಿಗೆ.