ಒಂದೇ ಪಯಣ, ಎರಡು ಟಿಕೇಟು
(ಶಾಖಾಮಠದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಂಬಯಿಯಲ್ಲಿ ನೆಲೆಸಿದ ನಮಗೆ ಉಡುಪಿಯ ದಾರಿ ಎಂದೂ ಏಕಮುಖವಾಗಿರಲಿಲ್ಲ. ಮಿರಜಿನಲ್ಲಿ ಗಾಡಿ ಬದಲಿಸಿ, ಹುಬ್ಬಳ್ಳಿಯಲ್ಲಿಳಿದು, ಬಸ್ಸಿನಲ್ಲಿ ಘಟ್ಟ ಇಳಿದ ಹಿರಿಯರು ಈ ಸಭೆಯಲ್ಲಿಯೂ ಇದ್ದಾರೆ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡು ಮತ್ಸ್ಯಗಂಧ ಓಡತೊಡಗಿದ ಮೇಲೆ ಕುರ್ಲಾದಲ್ಲಿ ಹತ್ತಿ ಇಂದ್ರಾಳಿಯಲ್ಲಿ ಇಳಿಯುವ ಭಾಗ್ಯ ದೊರೆಯಿತು. ಆದರೆ ಪರ್ಯಾಯದ ಜನವರಿಯಲ್ಲಿ, ಉಪನಯನ ವಿವಾಹಗಳ ಮೇ ತಿಂಗಳಲ್ಲಿ ಅದರಲ್ಲಿ ಬರ್ತ್ ದೊರಕುವುದು ದುರ್ಲಭ. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವಿಕೆ 120 ದಿನಗಳಿಂದ 60 ದಿನಗಳಿಗೆ ಇಳಿದಿರುವುದರಿಂದ ಆತುರ ಮತ್ತಷ್ಟು ಹೆಚ್ಚಿದೆ.

ಆಗ ಮನೆಯ ಯುವಕರು ಒಂದು ಉಪಾಯ ಹೂಡುತ್ತಾರೆ. ಠಾಣೆಯಿಂದ ಉಡುಪಿಗೆ ವೇಟಿಂಗ್ ಲಿಸ್ಟ್ ತೋರಿದರೂ ಠಾಣೆ–ಮಡಗಾಂವ್ ಒಂದು, ಮಡಗಾಂವ್–ಉಡುಪಿ ಮತ್ತೊಂದು ಎಂದು ಅದೇ ಗಾಡಿಗೆ ಎರಡು ಟಿಕೇಟು ಪಡೆಯುತ್ತಾರೆ. ಇದು ಅಕ್ರಮವಲ್ಲ, ಪ್ರತಿಯೊಂದು ಟಿಕೇಟು ತನ್ನ ಭಾಗಕ್ಕೆ ಸಿಂಧು. ಆದರೆ ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದು ರೈಲ್ವೆಯ ಕ್ರಮ. ಟಿಕೇಟು ತುಂಡಾದರೆ ಆ ಲಾಭ ಹೋಗುತ್ತದೆ. ಸ್ಲೀಪರಿನಲ್ಲಿ ಕಾಯ್ದಿರಿಸುವ ಶುಲ್ಕ 20 ರೂಪಾಯಿ, ಸೂಪರ್‌ಫಾಸ್ಟ್ ಶುಲ್ಕ 30 ರೂಪಾಯಿ ಎರಡೆರಡು ಬಾರಿ ಬೀಳುತ್ತವೆ. ಹಿರಿಯ ನಾಗರಿಕರ ರಿಯಾಯಿತಿಯೂ 2020ರ ಮಾರ್ಚಿನಲ್ಲಿ ನಿಂತಿತು.

ಹಣದ ಮಾತು ಹಾಗಿರಲಿ. ಮತ್ಸ್ಯಗಂಧ ಮಡಗಾಂವ್ ತಲಪುವುದು ನಡುರಾತ್ರಿ ಕಳೆದ ಮೇಲೆ. ಎರಡನೆಯ ಟಿಕೇಟಿನ ಬರ್ತ್ ಬೇರೆ ಬೋಗಿಯಲ್ಲಿರಬಹುದು. ಮೊದಲನೆಯದಕ್ಕೆ ಅಲ್ಲಿ ಹತ್ತಿದವರು ಬಂದು ನಿಲ್ಲುತ್ತಾರೆ. ಎಪ್ಪತ್ತೈದು ದಾಟಿದ ತಾಯಿಯವರು ಗಂಟುಮೂಟೆ ಹಿಡಿದು, ಓಲಾಡುವ ಗಾಡಿಯಲ್ಲಿ ಮೂರು ಬೋಗಿ ದಾಟುವುದನ್ನು ಊಹಿಸಿರಿ. ಕೆಳಗಿನ ಬರ್ತ್ ಎರಡೂ ಬಾರಿ ಸಿಕ್ಕೀತೆಂಬ ಭರವಸೆಯಿಲ್ಲ. ಹಿರಿಯರು ಒಂಟಿಯಾಗಿ ಹೊರಟಿದ್ದರೆ ಈ ಉಪಾಯ ಬೇಡವೆಂದೇ ನನ್ನ ಅಭಿಪ್ರಾಯ. ಒಂದು ದಿನ ಮುಂದೆಯೋ ಹಿಂದೆಯೋ ಒಂದೇ ಟಿಕೇಟು ಸಿಕ್ಕರೆ ಅದೇ ಲೇಸು. ಮಾಡಲೇಬೇಕಾದರೆ ಎರಡೂ ಟಿಕೇಟು ಖಚಿತವಾಗಿರಬೇಕು. ಆನ್‌ಲೈನಿನಲ್ಲಿ ಪಡೆದ ವೇಟಿಂಗ್ ಟಿಕೇಟು ಚಾರ್ಟ್ ಆದ ಮೇಲೂ ವೇಟಿಂಗಿನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ. ಮೊದಲನೆಯದು ಖಚಿತ, ಎರಡನೆಯದು ರದ್ದು ಎಂದಾದರೆ ಪ್ರಯಾಣಿಕನು ಮಡಗಾಂವಿನಲ್ಲಿ ಇಳಿಯಬೇಕಾದೀತು.

ಬೇರೆ ಬೇರೆ ಗಾಡಿಗಳನ್ನು ಜೋಡಿಸುವವರೂ ಇದ್ದಾರೆ. 2023ರ ಜೂನಿನಲ್ಲಿ ಮುಂಬಯಿ–ಮಡಗಾಂವ್ ನಡುವೆ, ಅದೇ ವರ್ಷದ ಡಿಸೆಂಬರ್ 30ರಂದು ಮಡಗಾಂವ್–ಮಂಗಳೂರು ನಡುವೆ ವಂದೇ ಭಾರತ್ ಆರಂಭವಾದ ಮೇಲೆ, ಹಗಲಿನಲ್ಲೇ ಕುಳಿತು ಹೋಗುವ ಈ ಜೋಡಣೆ ಹಲವರಿಗೆ ರುಚಿಸಿತು. ಇಲ್ಲಿ ಭಯವಿರುವುದು ವಿಳಂಬದ್ದು. ಮಳೆಗಾಲದಲ್ಲಿ ಕೊಂಕಣ ಮಾರ್ಗದಲ್ಲಿ ವೇಗವನ್ನೇ ತಗ್ಗಿಸಿ ಬೇರೆ ವೇಳಾಪಟ್ಟಿ ಹಾಕುತ್ತಾರೆ. ಆಷಾಢ ಶ್ರಾವಣಗಳಲ್ಲಿ ಹೊರಡುವವರು ಆ ಪಟ್ಟಿಯನ್ನು ನೋಡದೆ ಜೋಡಿಸಬಾರದು.

ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ? ಹಿಂದೆ ಎರಡನೆಯ ಟಿಕೇಟಿನ ಹಣವನ್ನು ಮರೆಯಬೇಕಾಗಿತ್ತು. 2019ರ ಏಪ್ರಿಲಿನಿಂದ ಎರಡು ಪಿಎನ್‌ಆರ್‌ಗಳನ್ನು ಜೋಡಿಸುವ ಅವಕಾಶವಿದೆ. ಎರಡರಲ್ಲಿಯೂ ಪ್ರಯಾಣಿಕರ ವಿವರ ಒಂದೇ ಆಗಿರಬೇಕು; ಮೊದಲನೆಯದು ಮುಗಿಯುವ ನಿಲ್ದಾಣದಲ್ಲೇ ಎರಡನೆಯದು ಆರಂಭವಾಗಬೇಕು. ಹೀಗಿದ್ದರೆ ಪಯಣಿಸದ ಭಾಗದ ಹಣ ರದ್ದತಿ ಶುಲ್ಕವಿಲ್ಲದೆ ಹಿಂದಿರುಗುತ್ತದೆ. ಮೊದಲ ಗಾಡಿ ತಲಪಿದ ಮೂರು ಗಂಟೆಗಳೊಳಗೆ ಕೋರಿಕೆ ಸಲ್ಲಿಸಬೇಕು. ದರದಲ್ಲಿ ಮಾತ್ರ ಇದರಿಂದ ಉಳಿತಾಯವಿಲ್ಲ. ಒಂದು ಟಿಕೇಟಿನಲ್ಲಿ "ಶ್ರೀನಿವಾಸ ರಾವ್", ಇನ್ನೊಂದರಲ್ಲಿ "ಶ್ರೀನಿವಾಸ ಯು. ರಾವ್" ಎಂದು ಬರೆಸುವ ನಮ್ಮವರ ಉದಾಸೀನ ಇಲ್ಲಿ ತೊಡಕಾದೀತು.

ಇನ್ನು ಲೋಕಲ್ ಗಾಡಿ. ಮೀರಾರೋಡಿನವರು ದಾದರ್ ಮೂಲಕ ಠಾಣೆಗೆ ಹೋಗಲು ಒಂದೇ ಟಿಕೇಟು ಸಾಕು. ಎರಡು ರೈಲ್ವೆ ವಲಯಗಳಾದರೂ ಅಡ್ಡಿಯಿಲ್ಲ. ಪಾಸಿನ ಗಡಿ ದಾಟುವವರು ಮುಂದಿನ ಭಾಗದ ಟಿಕೇಟನ್ನು ಮೊದಲೇ ಪಡೆದಿರಬೇಕು.

ಹಿರಿಯರನ್ನು ಎರಡು ಟಿಕೇಟಿನಲ್ಲಿ ಕಳುಹಿಸುವ ಪ್ರಸಂಗವೇ ಬಂದರೆ, ಹೊರಡುವಾಗಲೇ ಟಿಸಿಯವರಿಗೆ ಎರಡನ್ನೂ ತೋರಿಸಿರಿ. ಎರಡನೆಯ ಬೋಗಿ, ಬರ್ತಿನ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಔಷಧಿಯ ಚೀಲದಲ್ಲಿಡಿ. ಮಡಗಾಂವಿಗೆ ಅರ್ಧ ಗಂಟೆ ಮೊದಲು ಫೋನ್ ಮಾಡಿ ಎಬ್ಬಿಸಿರಿ.

ಶ್ರೀಕೃಷ್ಣಾರ್ಪಣಮಸ್ತು.