ಒಂದೇ ಪಾಚಿ, ಎರಡು ಪ್ಯಾನ್ ಕಾರ್ಡ್

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಬಯಾಲಜಿಗೆ ಹತ್ತನೇ ಕ್ಲಾಸಿನಲ್ಲೇ ಕೈಮುಗಿದವನು. ಆದರೂ ಇವತ್ತಿನ ವಿಷಯ ಒಂದು ಪಾಚಿ.

ಕಳೆದ ತಿಂಗಳು ಗೆಳೆಯನೊಬ್ಬ ಪ್ರಮೋಷನ್ ಪಾರ್ಟಿ ಅಂತ ಸುಶಿ ತಿನ್ನಿಸಿದ. ಅನ್ನದ ಸುತ್ತ ಒಂದು ಕಪ್ಪು ಹಾಳೆ. 'ಇದನ್ನ ಬಿಚ್ಚಿ ತಿನ್ನಬೇಕೇನೋ?' ಅಂದೆ. ಎಲ್ಲರೂ ನಕ್ಕರು. ಅದು ನೋರಿ. ಸಮುದ್ರದ ಕೆಂಪು ಪಾಚಿಯನ್ನು ಕೊಚ್ಚಿ, ತೆಳುವಾಗಿ ಹರಡಿ, ಒಣಗಿಸಿದ ಹಾಳೆ. ಮನೆಗೆ ಬಂದು ಅದರ ಬಗ್ಗೆ ಓದ್ತಾ ಕೂತೆ, ರಾತ್ರಿ ಎರಡು ಗಂಟೆ ಆಯ್ತು.

ನೋರಿಯ ಹತ್ತಿರದ ಸಂಬಂಧಿ ಪಾರ್ಫೈರಾ ಅಂಬಿಲಿಕ್ಯಾಲಿಸ್. ಬ್ರಿಟನ್ ಕರಾವಳಿಯ ಬಂಡೆಗಳ ಮೇಲೆ ಬೆಳೆಯುತ್ತೆ. ವೇಲ್ಸ್‌ನಲ್ಲಿ ಇದನ್ನು ಗಂಟೆಗಟ್ಟಲೆ ಬೇಯಿಸಿ ತಿನ್ನುತ್ತಾರೆ. ಇದರ ಎಲೆಯ ದಪ್ಪ ಎಷ್ಟು ಗೊತ್ತಾ? ಒಂದೇ ಒಂದು ಜೀವಕೋಶ! ಅಲೆ ಇಳಿದಾಗ ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಗರಿಗರಿ ಆಗುತ್ತೆ. ಸತ್ತೇ ಹೋಯ್ತು ಅಂದ್ಕೊಳ್ಳಬೇಕು. ನೀರು ಬಂದ ಕೂಡಲೇ ಮತ್ತೆ ಮೆತ್ತಗಾಗಿ ಬದುಕು ಮುಂದುವರಿಸುತ್ತೆ.

ಆದರೆ ಒಂದು ಒಗಟು ಇತ್ತು. ಬೇಸಿಗೆಯಲ್ಲಿ ಈ ಥರದ ಪಾಚಿಗಳು ಎಷ್ಟೋ ಕಡೆ ಮಾಯ. ಚಳಿಗಾಲಕ್ಕೆ ಮತ್ತೆ ಹಾಜರ್. ನಡುವೆ ಎಲ್ಲಿಗೆ ಹೋಗಿತ್ತು? ಜಪಾನಿನ ರೈತರಿಗೂ ಉತ್ತರ ಗೊತ್ತಿರಲಿಲ್ಲ. ಶರತ್ಕಾಲದಲ್ಲಿ ಸಮುದ್ರದಲ್ಲಿ ಬಿದಿರು ನೆಟ್ಟು, ಬಲೆ ಕಟ್ಟಿ, ಬೀಜ ತಾನಾಗಿ ಬಂದು ಅಂಟಿಕೊಳ್ಳಲಿ ಅಂತ ಕಾಯೋರು. ಬಂದರೆ ವರ್ಷದ ಊಟ, ಬರದಿದ್ದರೆ ಸಾಲ. ಅದಕ್ಕೇ ಇದಕ್ಕೆ ಜೂಜುಗಾರರ ಹುಲ್ಲು ಅಂತ ಹೆಸರು ಬಿತ್ತು. ಎರಡನೇ ಮಹಾಯುದ್ಧದ ನಂತರ ಬೆಳೆ ತೀರಾ ನೆಲ ಕಚ್ಚಿತು.

ಈಗ ಇಂಗ್ಲೆಂಡಿಗೆ ಬನ್ನಿ. ಕ್ಯಾಥ್ಲೀನ್ ಡ್ರೂ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. 1928ರಲ್ಲಿ ಮದುವೆಯಾದರು, ಕೆಲಸ ಹೋಯಿತು. ಮದುವೆಯಾದ ಹೆಂಗಸರನ್ನು ಇಟ್ಟುಕೊಳ್ಳಬಾರದು ಅನ್ನೋದು ಆಗಿನ ನಿಯಮ. ಅವರು ಮಾತ್ರ ಪಾಚಿ ಬಿಡಲಿಲ್ಲ. ಸಂಬಳವಿಲ್ಲದ ಗೌರವ ಸಂಶೋಧಕಿಯಾಗಿ ಕೆಲಸ ಮುಂದುವರಿಸಿದರು. ಗಂಡ ಇಂಜಿನಿಯರು. ಅಲೆಯ ಏರಿಳಿತ ಬರುವ ಹಾಗೆ ಒಂದು ತೊಟ್ಟಿ ಕಟ್ಟಿಕೊಟ್ಟರು.

ಡ್ರೂ ಪಾರ್ಫೈರಾದ ಬೀಜಕಗಳನ್ನು ಚಿಪ್ಪಿನ ಜೊತೆ ಬೆಳೆಸಿ ನೋಡಿದರು. ಬೀಜಕಗಳು ಚಿಪ್ಪನ್ನು ಕೊರೆದು ಒಳಗೆ ಹೋದವು. ಒಳಗೆ ನವಿರಾದ ಗುಲಾಬಿ ಎಳೆಗಳಾಗಿ ಹರಡಿದವು. ಆ ಗುಲಾಬಿ ಎಳೆ ವಿಜ್ಞಾನಿಗಳಿಗೆ ಹೊಸದಾಗಿರಲಿಲ್ಲ. 1892ರಲ್ಲೇ ಅದಕ್ಕೆ ಕಾಂಕೋಸೀಲಿಸ್ ಅಂತ ಹೆಸರಿಟ್ಟು, ಬೇರೆಯೇ ಒಂದು ಪಾಚಿ ಅಂತ ಪಟ್ಟಿಗೆ ಸೇರಿಸಿದ್ದರು. ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ, ಎರಡು ಪ್ಯಾನ್ ಕಾರ್ಡ್, ಆಸಾಮಿ ಒಬ್ಬನೇ! 1949ರಲ್ಲಿ ಡ್ರೂ ಇದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದರ ಬದುಕು ನಡೆಯೋದು ಹೀಗೆ. ಕೆಂಪು ಪಾಚಿಗಳ ಗಂಡು ಕೋಶಕ್ಕೆ ಈಜಲು ಬಾಲ ಇಲ್ಲ, ನೀರು ಒಯ್ದ ಕಡೆ ಹೋಗಬೇಕು. ಹೇಗೋ ಹೆಣ್ಣು ಕೋಶ ತಲುಪಿ ಕೂಡಿದರೆ ಬೀಜಕಗಳು ಹುಟ್ಟುತ್ತವೆ. ಅವು ಚಿಪ್ಪು ಸೇರಿ, ಬೇಸಿಗೆ ಪೂರ್ತಿ ಎಳೆಗಳಾಗಿ ಒಳಗೇ ಇರುತ್ತವೆ. ಎಲೆಯ ಕೋಶದಲ್ಲಿ ಕ್ರೋಮೋಸೋಮ್ ಒಂದು ಸೆಟ್, ಎಳೆಯಲ್ಲಿ ಎರಡು ಸೆಟ್. ಹಗಲು ಚಿಕ್ಕದಾಗಿ, ನೀರು ತಣ್ಣಗಾದಾಗ ಎಳೆಗಳು ಮತ್ತೊಂದು ಬಗೆಯ ಬೀಜಕ ಬಿಡುತ್ತವೆ. ಅವೇ ಬಂಡೆಗೋ ಬಲೆಗೋ ಅಂಟಿ ಮತ್ತೆ ಎಲೆಗಳಾಗುತ್ತವೆ.

ಜಪಾನಿನ ಕ್ಯೂಷು ವಿಶ್ವವಿದ್ಯಾಲಯದ ಸೊಕಿಚಿ ಸೆಗಾವಾ ತಮ್ಮ ಕಡೆಯ ನೋರಿಯಲ್ಲೂ ಇದನ್ನೇ ಕಂಡರು. ಆಮೇಲೆ ಚಿಪ್ಪುಗಳನ್ನು ತೊಟ್ಟಿಯಲ್ಲಿ ಸಾಕಿ, ಬಲೆಗೆ ಬೀಜ ಹತ್ತಿಸೋದು ಶುರುವಾಯ್ತು. ಜೂಜು ಹೋಗಿ ಬೇಸಾಯ ಆಯ್ತು. ಇವತ್ತಿನ ಸುಶಿ ಹಾಳೆಗಳ ಹಿಂದೆ ಇರೋದು ಆ ಚಿಪ್ಪೇ.

ಡ್ರೂ 1957ರಲ್ಲಿ ತೀರಿಕೊಂಡರು. ಜಪಾನ್ ನೋಡಲೇ ಇಲ್ಲ. 1963ರಲ್ಲಿ ಅಲ್ಲಿನ ಉತೋ ಊರಿನಲ್ಲಿ, ಅರಿಯಾಕೆ ಸಮುದ್ರದ ಪಕ್ಕ, ಅವರಿಗೊಂದು ಸ್ಮಾರಕ ಕಟ್ಟಿದರು. ಪ್ರತಿ ಏಪ್ರಿಲ್ 14ಕ್ಕೆ ಜನ ಅಲ್ಲಿ ಸೇರುತ್ತಾರೆ. ಅವರನ್ನು ಕರೆಯೋದು ಸಮುದ್ರದ ತಾಯಿ ಅಂತ.

ಕಥೆ ಅಲ್ಲಿಗೇ ಮುಗಿದಿಲ್ಲ. ಶರತ್ಕಾಲದಲ್ಲಿ ನೀರು ತಣ್ಣಗಾಗೋದು ತಡವಾದರೆ ಬಿತ್ತನೆಯೂ ತಡ. ಸಮುದ್ರ ಬಿಸಿಯಾಗ್ತಾ ಇರುವಾಗ ನೋರಿ ರೈತರು ಮತ್ತೆ ಚಿಂತೆಯಲ್ಲಿದ್ದಾರೆ. ಆ ಗುಲಾಬಿ ಎಳೆಯನ್ನು ಇನ್ನೂ ಚೆನ್ನಾಗಿ ಅರ್ಥ ಮಾಡ್ಕೊಳ್ಳೋರು ಈಗಲೂ ಬೇಕು.

ಕೊನೆಗೆ ಒಂದು ಸ್ವಂತ ಮಾತು. ನಮ್ಮ ದೊಡ್ಡಪ್ಪನ ಮಗಳು ಒಂದು ಜಾತಿಯ ಇರುವೆ ಬಗ್ಗೆ ಪಿಎಚ್‌ಡಿ ಮಾಡ್ತಿದ್ದಳು. ಮದುವೆ ಗೊತ್ತಾದಾಗ ಬಿಟ್ಟಳು. ಆಗ ನಾನೂ ದೊಡ್ಡ ಲೆಕ್ಕಿಗನ ಥರ, 'ಅಕ್ಕಾ, ಇರುವೆ ನೋಡಿ ಏನು ಸಿಗುತ್ತೆ ಬಿಡು' ಅಂದಿದ್ದೆ. ಅವಳು ಸುಮ್ಮನೆ ನಕ್ಕಿದ್ದಳು. ಡ್ರೂ ಕೂಡ ನೋರಿ ವ್ಯಾಪಾರಕ್ಕೆ ಅಂತ ಪಾಚಿ ನೋಡಿದವರಲ್ಲ. ಅದು ಏನು ಅಂತ ತಿಳಿಯಬೇಕಿತ್ತು, ಅಷ್ಟೇ.

ಈ ಎಪಿಸೋಡ್‌ನ ಲಿಂಕ್ ಮೊದಲು ಅಕ್ಕನಿಗೇ ಕಳಿಸ್ತೀನಿ. ಅಕ್ಕಾ, ಅವತ್ತು ಹಾಗೆ ಹೇಳಬಾರದಿತ್ತು. ಆ ನೋಟ್ಸ್ ಇನ್ನೂ ಇಟ್ಟಿದ್ದೀಯಾ? ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇದ್ದರೆ ಅವರಿಗೂ ಕಳಿಸಿ. ಮುಂದಿನ ವಾರ ಸಿಗೋಣ.